ಒಂಬತ್ತನೇ ಸಾಲು

ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ನನ್ನ ಕೆಲಸವೆಂದರೆ ಹದಿನಾಲ್ಕು ಸಾಲು. ಒಂದು ಹಾಳೆ, ಅದರಲ್ಲಿ ಹದಿನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಯ ಮುಂದೆ ಒಂದು ಚೌಕ. ಬೆಳಿಗ್ಗೆ ಕಲ್ಲು ಕೊಯ್ಯುವ ಯಂತ್ರ ಶುರುವಾಗುವ ಮೊದಲು ನಾನು ಅದರ ಸುತ್ತ ಒಮ್ಮೆ ತಿರುಗಿ, ನೋಡಿ, ಚೌಕಗಳಲ್ಲಿ ಟಿಕ್ ಹಾಕಿ ಸಹಿ ಮಾಡಬೇಕು. ಸಹಿಯಾದ ಹಾಳೆ ಮೇಟ್ ಕೈಗೆ ಹೋಗುತ್ತದೆ. ಮೇಟ್ ಅಂದರೆ ಕ್ವಾರಿಯ ಕೆಲಸಗಾರರ ಮೇಲ್ವಿಚಾರಕ. ಆತ ಹಾಳೆಯನ್ನು ಆಪರೇಟರಿಗೆ ತೋರಿಸಿದ ಮೇಲೆಯೇ ಯಂತ್ರ ಚಾಲೂ ಆಗಬೇಕು ಎಂಬುದು ಅಲ್ಲಿನ ನಿಯಮ.

ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ಎರಡು ತಿಂಗಳು ಹೊರಗಿನ ತರಬೇತಿ. ಜೊತೆಗಿದ್ದವರಿಗೆ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳು ಸಿಕ್ಕವು. ಚೀಟಿ ಎತ್ತಿದಾಗ ನನಗೆ ಬಂದದ್ದು ಕ್ವಾರಿ. ನವನಗರದ ಮನೆಯಿಂದ ದಿನಾ ಓಡಾಡುವುದು ಆಗದ ಮಾತು ಎಂದು ಇಳಕಲ್ಲಿನಲ್ಲೇ ಒಂದು ಬಾಡಿಗೆ ಖೋಲಿ ಹಿಡಿದೆ. ತರಬೇತಿಯ ಪ್ರಮಾಣಪತ್ರ ಕೈಗೆ ಬಂದರೆ ಸಹಾಯಕ ಸುರಕ್ಷತಾ ಅಧಿಕಾರಿಯಾಗಿ ತೆಗೆದುಕೊಳ್ಳುವುದಾಗಿ ಒಂದು ಸಿಮೆಂಟ್ ಕಾರ್ಖಾನೆಯವರು ಸಂದರ್ಶನದಲ್ಲಿ ಹೇಳಿದ್ದರು. ಆ ಎರಡು ತಿಂಗಳನ್ನು ತಪ್ಪಿಲ್ಲದೆ ಮುಗಿಸಿಬಿಟ್ಟರೆ ಸಾಕು ಅಂದುಕೊಂಡಿದ್ದೆ. ಕಲಿಯಬೇಕು ಎಂದು ಅಂದುಕೊಂಡದ್ದು ನೆನಪಿಲ್ಲ.

ಬಾದಾಮಿಯ ಕಲ್ಲು ಮೆತ್ತಗಿನದು, ಉಳಿ ಹೇಳಿದ ಹಾಗೆ ಕೇಳುತ್ತದೆ. ಇಳಕಲ್ಲಿನದು ಹಾಗಲ್ಲ. ಅದನ್ನು ಕೊಯ್ಯಲು ವಜ್ರದ ಪುಡಿ ಬೆರೆಸಿದ ಮಣಿಗಳನ್ನು ಪೋಣಿಸಿದ ಉಕ್ಕಿನ ಹಗ್ಗ ಬೇಕು. ಬಂಡೆಗೆ ಮೇಲಿನಿಂದ ಒಂದು, ಮಗ್ಗುಲಿನಿಂದ ಒಂದು ರಂಧ್ರ ಕೊರೆಯುತ್ತಾರೆ. ಒಳಗೆ ಎರಡೂ ಸೇರಬೇಕು. ಮೇಲಿನ ರಂಧ್ರದಲ್ಲಿ ನೂಲಿನ ದಾರ ಬಿಟ್ಟು ಕಂಪ್ರೆಸರ್ ಗಾಳಿ ಊದಿದರೆ ದಾರ ಕೆಳಗಿನ ಬಾಯಿಂದ ಹೊರಬರುತ್ತದೆ. ದಾರಕ್ಕೆ ಹಗ್ಗ ಕಟ್ಟಿ ಎಳೆದು, ಯಂತ್ರದ ದೊಡ್ಡ ಗಾಲಿಗೆ ಸುತ್ತಿ, ಎರಡು ತುದಿಗಳನ್ನು ಲೋಹದ ಕೊಳವೆಯೊಳಗಿಟ್ಟು ಪ್ರೆಸ್ಸಿನಿಂದ ಒತ್ತಿ ಜೋಡಿಸುತ್ತಾರೆ. ಜೋಡಿಸುವ ಮುನ್ನ ಹಗ್ಗಕ್ಕೆ ತಿರುವು ಕೊಡಬೇಕು, ಇಲ್ಲದಿದ್ದರೆ ಮಣಿ ಒಂದೇ ಮಗ್ಗುಲು ಸವೆಯುತ್ತದೆ. ಆಮೇಲೆ ಗಾಲಿ ತಿರುಗುತ್ತದೆ, ನೀರು ಸುರಿಯುತ್ತದೆ, ಹಗ್ಗ ಕಲ್ಲನ್ನು ತಿನ್ನುತ್ತ ಹೋಗುತ್ತದೆ. ಹಗ್ಗ ಕಡಿದರೆ ಮಣಿಗಳು ಗುಂಡಿನಂತೆ ಹಾರುತ್ತವೆ. ಅದಕ್ಕೆಂದೇ ಗಾಲಿಗೆ ತಗಡಿನ ದೊಡ್ಡ ಮುಚ್ಚಳವಿದೆ. ಅದೇ ಗಾರ್ಡ್.

ಯಂತ್ರ ನಡೆಸುತ್ತಿದ್ದವರು ಗುಡೂರಿನವರು. ನಲವತ್ತೈದರ ಆಸುಪಾಸು, ಬೀರಪ್ಪನ ಭಕ್ತರು, ಅಂಗಿಯ ಕಿಸೆಯಲ್ಲಿ ಸದಾ ಭಂಡಾರದ, ಅಂದರೆ ದೇವರ ಅರಿಶಿನದ, ಪೊಟ್ಟಣ. ಹಾಳೆ ಹಿಡಿದು ಬರುವ ನನ್ನನ್ನು ನೋಡಿದರೆ ಅವರಿಗೆ ನಗು.

"ಬಂದ್ರು ನೋಡ್ರಪಾ ಟಿಕ್ಕಿನ ಬಾಯಾರು! ಬಾಯಾರ, ನನಗೂ ಒಂದು ಟಿಕ್ ಹಾಕಿಬಿಡ್ರಿ. ಮನ್ಯಾಗ ಹೆಂಡ್ತಿ ನಂಬಂಗಿಲ್ಲ."

ಬಾಯಾರು ಅಂದರೆ ನಮ್ಮ ಕಡೆ ಶಾಲೆಯ ಟೀಚರಮ್ಮ. ಮೊದಲ ವಾರ ಸಿಟ್ಟು ಬಂತು. ಆಮೇಲೆ ರೂಢಿಯಾಯಿತು.

ಹದಿನಾಲ್ಕರಲ್ಲಿ ಎಂಟನೇ ಸಾಲು: ಗಾಲಿಯ ಗಾರ್ಡ್ ಸ್ಥಳದಲ್ಲಿದೆಯೇ? ಒಂಬತ್ತನೇ ಸಾಲು: ಗಾರ್ಡ್ ತೆಗೆದರೆ ಯಂತ್ರ ಚಾಲೂ ಆಗದಂತೆ ತಡೆಯುವ ಸ್ವಿಚ್ ಕೆಲಸ ಮಾಡುತ್ತಿದೆಯೇ? ಎಂಟನ್ನು ಕಣ್ಣಿನಿಂದ ನೋಡಬಹುದು. ಒಂಬತ್ತಕ್ಕೆ ನಾಲ್ಕು ಬೋಲ್ಟ್ ಬಿಚ್ಚಿ, ಗಾರ್ಡ್ ಇಳಿಸಿ, ಬಟನ್ ಒತ್ತಿ, ಯಂತ್ರ ಶುರುವಾಗದಿರುವುದನ್ನು ನೋಡಿ, ಮತ್ತೆ ಗಾರ್ಡ್ ಏರಿಸಬೇಕು. ಅರ್ಧ ತಾಸಿನ ಕೆಲಸ. ಮೊದಲನೇ ದಿನ ಮೇಟ್ ಹೇಳಿದ:

"ಅದು ಕಂಪನಿಯಿಂದನ ಹಂಗ ಬಂದಿರ್ತೈತ್ರಿ ಬಾಯಾರ. ದಿನಾ ಬಿಚ್ಚಿದ್ರ ಬೋಲ್ಟಿನ ತಿರುಪು ಸವದು ಹೋಗ್ತೈತಿ. ಹಾಕ್ರಿ ಟಿಕ್."

ಹಾಕಿದೆ. ಎರಡನೇ ದಿನವೂ ಹಾಕಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ ಎಂದು ಊರಿನವರನ್ನು ಆಡಿಕೊಳ್ಳುವ ನಾಲಿಗೆ ನನ್ನದು. ಆ ಬದನೇಕಾಯಿ ನಾನೂ ತಿಂದೆ.

ಆ ಕ್ವಾರಿಯಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಯ ದಿನ ಕಲ್ಲು ಕೊಯ್ಯುವುದಿಲ್ಲ. ಯಂತ್ರ ತೊಳೆದು, ಗಾರ್ಡ್ ಬಿಚ್ಚಿಟ್ಟು, ಗಾಲಿಗೆ ವಿಭೂತಿ ಬಳಿದು, ಭಂಡಾರ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಾರೆ. ಗಾರ್ಡಿನ ಮೇಲೆ ಪೂಜೆ ಮಾಡಿದರೆ ನಡೆಯುವುದಿಲ್ಲ. ದೇವರ ಮುಖಕ್ಕೆ ಮುಸುಕು ಹಾಕಿ ಯಾರಾದರೂ ಪೂಜೆ ಮಾಡುತ್ತಾರೆಯೇ? ಅಷ್ಟಕ್ಕೇ ಮುಗಿಯುವುದಿಲ್ಲ. ಮರುದಿನದ ಮೊದಲ ಕೊಯ್ತ ಮಾರಿ, ಅಂದರೆ ಮುಖ, ತೆರೆದೇ ಆಗಬೇಕು. ಹಗ್ಗ ಕಲ್ಲಿನೊಳಗೆ ಒಂದು ಗೇಣು ಇಳಿಯುವವರೆಗೆ ಗಾಲಿ ತೆರೆದಿರಬೇಕು. ಆಮೇಲೆ ಯಂತ್ರ ನಿಲ್ಲಿಸಿ ಗಾರ್ಡ್ ಏರಿಸುತ್ತಾರೆ.

ಮೊದಲ ಅಮಾವಾಸ್ಯೆಯ ಮರುದಿನ ನಾನು ತಕರಾರು ಮಾಡಿದೆ. ಮೇಟ್ ಕೈ ಮುಗಿದ.

"ಒಂದ ಗೇಣ್ರಿ ಬಾಯಾರ. ಅಜ್ಜನ ಕಾಲದಿಂದ ಬಂದದ್ದು."

ಯಂತ್ರ ಬಂದು ಹತ್ತು ವರ್ಷವೂ ಆಗಿರಲಿಲ್ಲ, ಅಜ್ಜನ ಕಾಲ ಎಲ್ಲಿಂದ ಬಂತೋ. ಆದರೂ ಎಂಟು, ಒಂಬತ್ತನೇ ಸಾಲು ಖಾಲಿ ಬಿಟ್ಟು ಹಾಳೆ ಕೊಟ್ಟೆ. ದೂರ ನಿಂತು ನೋಡಿದೆ. ಗಾಲಿ ತೆರೆದ ಮುಖದಿಂದಲೇ ತಿರುಗಿತು, ಹಗ್ಗ ಗೇಣು ಇಳಿಯಿತು, ಗಾರ್ಡ್ ಏರಿತು. ನಾನು ಹಾಳೆ ವಾಪಸ್ ತೆಗೆದುಕೊಂಡು ಎಂಟನೇ ಸಾಲಿಗೆ ಟಿಕ್ ಹಾಕಿದೆ, ಒಂಬತ್ತಕ್ಕೂ ಹಾಕಿದೆ. ಗಾರ್ಡ್ ಇಲ್ಲದೆ ಚಾಲೂ ಆಗಬಾರದ ಯಂತ್ರ ನನ್ನ ಕಣ್ಣೆದುರೇ ಗಾರ್ಡ್ ಇಲ್ಲದೆ ಓಡಿತ್ತು. ಹಾಗಿದ್ದರೆ ಸ್ವಿಚ್ ಕೆಟ್ಟಿದೆ ಎಂಬ ಮಾತು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದೇ ಸ್ವಿಚ್ಚಿನ ಬಗ್ಗೆ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಒಳ್ಳೆಯ ಅಂಕ ತೆಗೆದವಳು ನಾನು.

ಎರಡನೇ ಅಮಾವಾಸ್ಯೆಯ ಹೊತ್ತಿಗೆ ತರಬೇತಿ ಮುಗಿಯಲು ಒಂಬತ್ತು ದಿನ ಉಳಿದಿತ್ತು. ವರದಿ ಬರೆಯುವ ಕೆಲಸ ಕುತ್ತಿಗೆಗೆ ಬಂದಿತ್ತು. ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೇಟ್ ಬಂದು ಹಾಳೆ ಕೇಳಿದ.

"ಎಲ್ಲಾ ದಿನದ ಹಂಗ ಐತೇನು?" ಎಂದೆ.

"ಐತ್ರಿ" ಎಂದ.

ಏಳಲಿಲ್ಲ. ಕೂತಲ್ಲೇ ಹದಿನಾಲ್ಕು ಟಿಕ್ ಹಾಕಿ, ಎಂಟು ಗಂಟೆ ಹತ್ತು ನಿಮಿಷ ಎಂದು ಬರೆದು, ಸಹಿ ಮಾಡಿ ಕೊಟ್ಟೆ. ಅಮಾವಾಸ್ಯೆ ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಒಂದು ಗೇಣು ತಾನೇ ಎಂದುಕೊಂಡೆ.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ತಗಡಿನ ಚಾವಣಿಯ ಮೇಲೆ ಕಡಲೆ ಚೆಲ್ಲಿದಂಥ ಸದ್ದಾಯಿತು. ಹೊರಗೆ ಓಡಿದೆ. ಯಂತ್ರ ಇನ್ನೂ ತಿರುಗುತ್ತಿತ್ತು, ಹಗ್ಗ ಇರಲಿಲ್ಲ. ಆಪರೇಟರ್ ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಮೊಣಕೈ ಇದ್ದ ಜಾಗದಲ್ಲಿ ಮೊಣಕೈಯ ಆಕಾರ ಇರಲಿಲ್ಲ. ಕೆಂಪು ಸ್ವಿಚ್ ಒತ್ತಿ ಯಂತ್ರ ನಿಲ್ಲಿಸಿದೆ. ನನ್ನ ವೇಲನ್ನು ತೋಳಿನ ಮೇಲ್ಭಾಗಕ್ಕೆ ಬಿಗಿದೆ, ಕಟ್ಟಿದ ಸಮಯ ಬರೆದುಕೊಂಡೆ. ಜೀಪು ಬಂತು. ಮೇಟ್ ಅವರನ್ನು ಇಳಕಲ್ಲಿಗೆ, ಅಲ್ಲಿಂದ ಬಾಗಲಕೋಟೆಗೆ ಕರೆದೊಯ್ದ. ಜೀಪು ಹತ್ತುವಾಗ ಅವರು ನನಗೆ ಹೇಳಿದ್ದು ಒಂದೇ ಮಾತು.

"ಬಟ್ಟು ಅದಾವೇನು ನೋಡ್ರಿ ಬಾಯಾರ. ನನಗ ಗೊತ್ತಾಗವಲ್ದು."

ಬೆರಳು ಐದೂ ಇದ್ದವು. ಅವರಿಗೆ ಅವುಗಳ ಅರಿವೇ ಇರಲಿಲ್ಲ.

ನನಗೆ ಏನೂ ಅನಿಸಲಿಲ್ಲ. ಇದನ್ನು ಬರೆಯುವಾಗ ಹೇಗೋ ಆಗುತ್ತದೆ, ಆದರೆ ಆವತ್ತು ಖರೆಯಾಗಿಯೂ ಏನೂ ಅನಿಸಲಿಲ್ಲ. ಅಪಘಾತದ ಜಾಗವನ್ನು ಕೆಡಿಸಬಾರದು ಎಂದು ಓದಿದ್ದೆ. ಹಗ್ಗ ಕಟ್ಟಿ ಜಾಗ ಸುತ್ತುವರಿದೆ. ಬಿದ್ದ ಪ್ರತಿ ಮಣಿಯ ಪಕ್ಕ ಸುಣ್ಣದಿಂದ ಗುರುತು ಹಾಕಿ, ಗಾಲಿಯಿಂದ ಅದರ ದೂರವನ್ನು ಟೇಪಿನಿಂದ ಅಳೆದೆ. ಕಡಿದ ತುದಿ ನೋಡಿದೆ. ಜೋಡಿಸಿದ ಕೊಳವೆಯೊಳಗಿಂದ ಹಗ್ಗ ಜಾರಿ ಬಂದಿತ್ತು. ಹಿಂದಿನ ದಿನ ಪೂಜೆಗೆ ಮುಂಚೆ ಮಾಡಿದ ಹೊಸ ಜೋಡಣೆ ಅದು. ಗಾರ್ಡ್ ಪಕ್ಕದಲ್ಲಿ ನೆಲದ ಮೇಲಿತ್ತು. ನಕ್ಷೆ ಬರೆದೆ, ಫೋಟೊ ತೆಗೆದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದೆ. ರುಚಿ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ.

ಗಾರ್ಡ್ ಕೂರುವ ಜಾಗದ ಫೋಟೊ ತೆಗೆಯುವಾಗಲೇ ಸ್ವಿಚ್ ಕಂಡದ್ದು. ಹೆಬ್ಬೆರಳಷ್ಟು ದೊಡ್ಡದು. ಅದರ ಎರಡು ತುದಿಗಳಿಗೆ ಒಂದು ತುಂಡು ತಂತಿ ಸುತ್ತಿ ನೇರ ಮಾಡಿಬಿಟ್ಟಿದ್ದರು. ಅಂದರೆ ಗಾರ್ಡ್ ಇರಲಿ ಬಿಡಲಿ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ತಂತಿಯ ಮೇಲೆ ಕಲ್ಲಿನ ಪುಡಿ ನೀರಿನೊಂದಿಗೆ ಗಟ್ಟಿಯಾಗಿ ಹೆಪ್ಪುಗಟ್ಟಿ ಕೂತಿತ್ತು. ಒಂದೆರಡು ತಿಂಗಳ ಹೆಪ್ಪಲ್ಲ ಅದು.

ಮೂರನೇ ದಿನ ಮ್ಯಾನೇಜರ್ ಆಫೀಸಿಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ನನಗೆ ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಗಣಿ ಸುರಕ್ಷತೆಯ ಅಧಿಕಾರಿಗಳಿಗೆ ಕಳಿಸುವ ವರದಿ ಟೈಪ್ ಆಗಿತ್ತು. ಎಂಟು ಹತ್ತಕ್ಕೆ ಗಾರ್ಡ್ ಸ್ಥಳದಲ್ಲಿತ್ತು, ಸಾಕ್ಷಿ ತರಬೇತಿಯವರ ಹಾಳೆ. ಆಮೇಲೆ ಆಪರೇಟರ್ ಯಾರಿಗೂ ತಿಳಿಸದೆ ಗಾರ್ಡ್ ತೆಗೆದಿದ್ದಾರೆ. ಕೆಳಗೆ ನನ್ನ ಸಹಿಗೆ ಜಾಗ.

"ಅಂವನೂ ಹಂಗ ಹೇಳ್ಯಾನ್ರಿ. ನಾನ ತೆಗದೇನಿ ಅಂದಾನ. ನಿಮ್ಮ ಸರ್ಟಿಫಿಕೇಟು ಇಲ್ಲೇ ರೆಡಿ ಐತಿ ನೋಡ್ರಿ" ಎಂದರು.

ಸುರಕ್ಷತೆಯ ಗಾರ್ಡನ್ನು ಬೇಕೆಂದೇ ತೆಗೆದವನು ಗಾಯಗೊಂಡರೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎಂದು ಕಾನೂನಿನ ಪುಸ್ತಕದಲ್ಲಿ ಓದಿದ್ದೆ. ಅಂದರೆ ಆಪರೇಟರಿಗೆ ದವಾಖಾನೆಯ ಖರ್ಚೂ ಇಲ್ಲ, ಕೆಲಸವೂ ಇಲ್ಲ, ತಪ್ಪು ಮಾತ್ರ ಅವರದು. ಎರಡು ದಿನ ಸಮಯ ಕೇಳಿ ಎದ್ದೆ.

ಬಾಗಲಕೋಟೆಯ ದವಾಖಾನೆಗೆ ಹೋದೆ. ಬಲಗೈಗೆ ಭುಜದವರೆಗೆ ಪಟ್ಟಿ. ನರ ಹರಿದಿದೆ, ಬೆರಳಿಗೆ ಸ್ಪರ್ಶ ಬರುವುದು ಕಷ್ಟ ಎಂದು ವೈದ್ಯರು ಹೇಳಿದ್ದರಂತೆ.

"ನೀವು ತೆಗದೇನಿ ಅಂತ ಯಾಕ ಹೇಳಿದ್ರಿ? ಪೂಜಿಗೆ ತೆಗದದ್ದು ಎಲ್ಲಾರಿಗೂ ಗೊತ್ತೈತಿ" ಎಂದೆ.

ಅವರ ಮುಖ ಬಿಗಿಯಿತು. "ಪೂಜಿ ಹೆಸರು ತೆಗೀಬ್ಯಾಡ್ರಿ. ದೇವರ ಕೆಲಸದಾಗ ಕೈ ಹೋತು ಅಂತ ಹಾಳಿ ಮ್ಯಾಗ ಬರೀತಾರ. ಮುಂದ ಪೂಜಿನ ಬಂದ್ ಮಾಡ್ತಾರ. ನಾಳೆ ಯಾರಿಗರ ಏನರ ಆದ್ರ ಊರಾಗ ನನ್ನ ಹೆಸರು ಹೇಳ್ತಾರ. ಕೈ ನನ್ನದು, ಹೋಗ್ಲಿ ಬಿಡ್ರಿ. ದೇವರ ಮ್ಯಾಲೆ ಹಾಕಬ್ಯಾಡ್ರಿ."

ಪೂಜೆಯ ವಿಷಯ ಬರೆದರೆ ಅವರು ಇಲ್ಲ ಎನ್ನುತ್ತಾರೆ. ಬರೆಯದಿದ್ದರೆ ತಪ್ಪು ಅವರದೇ ಆಗುತ್ತದೆ.

ಅಲ್ಲಿಂದ ಕಾಲೇಜಿನ ನಮ್ಮ ವಿಭಾಗಕ್ಕೆ ಹೋಗಿ ನಮ್ಮ ಮಾರ್ಗದರ್ಶಕ ಸರ್ ಎದುರು ಕೂತು ಎಲ್ಲ ಹೇಳಿದೆ. ಶೆಡ್ಡಿನಲ್ಲಿ ಕೂತು ಟಿಕ್ ಹಾಕಿದ್ದನ್ನೂ ಹೇಳಿದೆ. ಸರ್ ಫೋಟೊಗಳನ್ನು ಕೇಳಿದರು. ತಂತಿಯ ಫೋಟೊ ಹತ್ತಿರ ನಿಲ್ಲಿಸಿದರು.

"ಈ ಸ್ವಿಚ್ಚು ಖರೆ ಕೆಲಸ ಮಾಡ್ತಿದ್ರ ಏನಾಗ್ತಿತ್ತು?"

"ಗಾರ್ಡ್ ಇಲ್ಲದ ಯಂತ್ರ ಚಾಲೂನ ಆಗ್ತಿದ್ದಿಲ್ರಿ."

"ಗಾರ್ಡ್ ಯಾರು ತೆಗದ್ರು, ಯಾಕ ತೆಗದ್ರು ಅನ್ನೂದು ಆಮೇಲಿನ ಮಾತು ಹಂಗಾರ."

"ಹೌದ್ರಿ."

"ಒಂಬತ್ತನೇ ಸಾಲಿಗೆ ಎಷ್ಟು ದಿನ ಟಿಕ್ ಹಾಕೀರಿ?"

"ದಿನಾ ಹಾಕೇನ್ರಿ."

"ಒಂದು ದಿನದ ತಪ್ಪು ಬರದುಕೊಟ್ರ ಉಳೀತೀರಿ. ಎಲ್ಲಾ ದಿನದ್ದು ಬರದುಕೊಟ್ರ ಈ ತರಬೇತಿ ರದ್ದು ಆಗ್ತೈತಿ, ನಾನೂ ಏನೂ ಮಾಡಾಕ ಬರಾಂಗಿಲ್ಲ. ಬರೀರಿ ಅಂತ ನಾ ಹೇಳಾಂಗಿಲ್ಲ. ಬರೀಬ್ಯಾಡ್ರಿ ಅಂತನೂ ಹೇಳಾಂಗಿಲ್ಲ" ಎಂದು ಎದ್ದು ತರಗತಿಗೆ ಹೋದರು.

ಅದೇ ಸಂಜೆ ನವನಗರದ ಮನೆಯಲ್ಲಿ, ಅವ್ವ ಜೋಳ ಹಸನು ಮಾಡುತ್ತಿದ್ದ ಪಡಸಾಲೆಯಲ್ಲಿ ಕೂತು ಹೇಳಿಕೆ ಬರೆದೆ. ಧೈರ್ಯ ಬಂತು ಎಂದೇನಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಇನ್ನೊಂದು ಹಾಳೆ ಹಿಡಿದು ಇನ್ನೊಂದು ಗಾಲಿಯ ಮುಂದೆ ನಿಂತಿರುವ ನನ್ನನ್ನು ಕಲ್ಪಿಸಿಕೊಂಡೆ. ಆ ಹುಡುಗಿಯ ಟಿಕ್ಕನ್ನು ನಾನೇ ನಂಬಲಾರೆ ಅನಿಸಿತು. ಅಷ್ಟೇ.

ಹೀಗೆ ಬರೆದೆ: ಘಟನೆಯ ದಿನ ನಾನು ಯಂತ್ರದ ಹತ್ತಿರ ಹೋಗಿಲ್ಲ. ಗಾರ್ಡ್ ಇತ್ತೋ ಇಲ್ಲವೋ ನೋಡಿಲ್ಲ. ತಡೆ ಸ್ವಿಚ್ಚನ್ನು ತರಬೇತಿಯ ಒಂದು ದಿನವೂ ಪರೀಕ್ಷಿಸಿಲ್ಲ, ಪ್ರತಿದಿನ ಪರೀಕ್ಷಿಸಿದೆ ಎಂದು ಸಹಿ ಮಾಡಿದ್ದೇನೆ. ಸ್ವಿಚ್ಚಿಗೆ ತಂತಿ ಸುತ್ತಿ ಬಹಳ ಕಾಲವಾಗಿದೆ, ಫೋಟೊ ಲಗತ್ತಿಸಿದೆ. ಒಂದು ತಿಂಗಳ ಹಿಂದೆಯೂ ಇದೇ ಯಂತ್ರ ಗಾರ್ಡ್ ಇಲ್ಲದೆ ಓಡಿದ್ದನ್ನು ನಾನು, ಮೇಟ್ ಇಬ್ಬರೂ ನಿಂತು ನೋಡಿದ್ದೇವೆ, ತಡೆದಿಲ್ಲ. ಗಾರ್ಡ್ ತೆಗೆಯುವುದು ಆಪರೇಟರ್ ಒಬ್ಬರ ನಿರ್ಧಾರವಲ್ಲ, ಅಲ್ಲಿನ ರೂಢಿ.

ರೂಢಿ ಎಂದು ಬರೆದೆ. ಪೂಜೆ ಎಂದು ಬರೆಯಲಿಲ್ಲ. ತಂತಿ ಎಲ್ಲವನ್ನೂ ಹೇಳುತ್ತಿತ್ತು.

ಒಂದು ಪ್ರತಿ ಮ್ಯಾನೇಜರಿಗೆ, ಒಂದು ಅಧಿಕಾರಿಗಳಿಗೆ, ಒಂದು ವಿಭಾಗಕ್ಕೆ. ಮ್ಯಾನೇಜರ್ ಎರಡು ಸಲ ಓದಿದರು. ಬೈಯಲಿಲ್ಲ. "ನೌಕರಿ ಯಾರು ಕೊಡ್ತಾರ್ರಿ ನಿಮಗ?" ಎಂದು ನಿಜವಾದ ಕನಿಕರದಿಂದ ಕೇಳಿದರು. ನನಗೂ ಗೊತ್ತಿರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕಡಿಮೆ ಮಾತಿನವರು. ಸ್ವಿಚ್ ನೋಡಿದರು, ತಂತಿಯ ಮೇಲಿನ ಹೆಪ್ಪನ್ನು ಉಗುರಿನಿಂದ ಕೆರೆದರು, ಹಳೆಯ ಹಾಳೆಗಳ ಕಟ್ಟು ತರಿಸಿದರು. ನನಗಿಂತ ಮೊದಲಿನ ಹಾಳೆಗಳಲ್ಲೂ ಒಂಬತ್ತನೇ ಚೌಕ ಒಮ್ಮೆಯೂ ಖಾಲಿ ಇರಲಿಲ್ಲ. ಅದನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು. ಸಮಾಧಾನವಾಯಿತು ಎಂದು ಆಮೇಲೆ ನಾಚಿಕೆಯಾಯಿತು.

ವರದಿಯಿಂದ ಆಪರೇಟರ್ ತಪ್ಪು ಎಂಬ ಸಾಲು ಹೋಯಿತು. ಚಿಕಿತ್ಸೆಯನ್ನು ಕ್ವಾರಿಯವರೇ ನೋಡಿಕೊಂಡರು, ಪರಿಹಾರದ ಅರ್ಜಿ ಮುಂದೆ ಹೋಯಿತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಯಂತ್ರಕ್ಕೆ ಹೊಸ ಸ್ವಿಚ್ ಬಂತು. ಪೂಜೆ ನಿಲ್ಲಲಿಲ್ಲ. ಪೂಜೆ ಮುಗಿದ ಕೂಡಲೇ ಗಾರ್ಡ್ ಏರಿಸುತ್ತಾರೆ, ಏರಿಸದಿದ್ದರೆ ಯಂತ್ರ ಚಾಲೂ ಆಗುವುದಿಲ್ಲ. ನನ್ನ ತರಬೇತಿ ರದ್ದಾಯಿತು. ಮುಂದಿನ ತಂಡದ ಜೊತೆ ಮತ್ತೆ ಮಾಡಬೇಕು ಎಂದು ಪತ್ರ ಬಂತು. ಸಿಮೆಂಟ್ ಕಾರ್ಖಾನೆಯವರು ಕಾಯಲಿಲ್ಲ. ನನಗೆ ಅದೂ ಅಂಥ ದುಃಖ ಅನಿಸಲಿಲ್ಲ. ಲೆಕ್ಕ ಚುಕ್ತಾ ಆಯಿತು, ನನ್ನ ತಪ್ಪಿಗೆ ನಾನು ತೆತ್ತೆ ಎಂಬ ಒಂದು ಒಣ ನೆಮ್ಮದಿ ಇತ್ತು. ಒಂದು ಸಲ ಅವರನ್ನು ನೋಡಿ ಬಂದರೆ ಮುಗಿಯಿತು ಎಂದುಕೊಂಡು ಗುಡೂರಿಗೆ ಹೊರಟೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ ಮಲಗಿತ್ತು. ಅವರ ಹೆಂಡತಿ ಚಾಪೆ ಹಾಸಿ, ಚಹಾ ತಂದುಕೊಟ್ಟು ಒಳಗೆ ಹೋದರು.

"ನೀವು ಬರದದ್ದು ಆಫೀಸರ್ ಓದಿ ಹೇಳಿದ್ರು, ದೇವರ ಹೆಸರು ಇದ್ದಿಲ್ಲ. ಚಲೋ ಆತು" ಎಂದರು. "ಆ ಸ್ವಿಚ್ಚು ಐತಿ ಅನ್ನೂದ ನನಗ ಗೊತ್ತಿದ್ದಿಲ್ಲ ನೋಡ್ರಿ. ನಾ ಬರೂಕಿಂತ ಮೊದಲ ಅದು ಹಂಗಿತ್ತು."

ಬಲಗೈಯನ್ನು ಎಡಗೈಯಿಂದ ಸರಿಸಿಟ್ಟು ಮತ್ತೆ ಶುರು ಮಾಡಿದರು. ಈ ಸಲ ಬಾಯಾರ ಅನ್ನಲಿಲ್ಲ.

"ತಂಗೀ, ಒಂದು ಮಾತು ನಾ ಯಾರ ಮುಂದೂ ಹೇಳಿಲ್ಲ. ಅವತ್ತ ಮುಂಜಾನಿ ಹಗ್ಗಕ್ಕ ಹೊಸಾ ಜೋಡಣಿ ಇತ್ತಲ್ಲ, ನನಗ ಯಾಕೋ ಮನಸ್ಸು ಒಪ್ಪಲಿಲ್ಲ. ಈ ಸಲ ಮೊದಲ ಮುಚ್ಚಿಬಿಡೂಣು, ದೇವರೇನು ಸಿಟ್ಟಾಗಾಂಗಿಲ್ಲ ಅಂತ ಗಾರ್ಡಿಗೆ ಕೈ ಹಚ್ಚಿದ್ನಿ. ಖರೆ ಹೇಳ್ತೇನಿ, ಎತ್ತಿದ್ನಿ. ಅಷ್ಟರಾಗ ಮೇಟ್ ನಿಮ್ಮ ಹಾಳಿ ತಂದ. ಟಿಕ್ ಬಿದ್ದಿತ್ತು. ನೀವು ಆಚಿಂದ ನೋಡೀರಿ, ಹಿಂಗ ನಡೀತೈತಿ ಅಂದೀರಿ ಅಂತ ತಿಳಕೊಂಡ್ನಿ. ಕೆಳಗ ಇಟ್ಟುಬಿಟ್ನಿ."

"ಯಾಕ ಹೇಳಲಿಲ್ರಿ ಆಫೀಸರ್ ಮುಂದ?"

"ಹೇಳಿ ಏನ್ ಮಾಡೂದಿತ್ತು?" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ. "ನಿಮ್ಮನ್ನ ಆಡಿಕೊಂಡು ನಗ್ತಿದ್ನಿ, ಆದ್ರ ನಿಮ್ಮ ಹಾಳಿ ಬರಲಾರದ ಒಂದು ದಿನಾನೂ ಬಟನ್ ಒತ್ತಿಲ್ಲ ನಾನು. ಓದಿದವ್ರು ನೋಡ್ಯಾರಲ್ಲ ಅಂತ. ಚಾ ಆರತೈತಿ, ಕುಡೀರಿ."

ಕುಡಿದೆ. ನಮಸ್ಕಾರ ಮಾಡಿ ಎದ್ದೆ. ಬಸ್ ನಿಲ್ದಾಣದವರೆಗೆ ನೆಟ್ಟಗೆ ನಡೆದೆ. ಬಾಗಲಕೋಟೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಅಳು ಬಂತು. ತಡೆಯಲು ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಬೆನ್ನು ಸವರಿ ಕೇಳಿದಳು.

"ಯಾರು ಹೋದ್ರವಾ ತಂಗೀ?"

"ಯಾರೂ ಹೋಗಿಲ್ರಿ" ಎಂದೆ. "ಒಬ್ಬರ ಕೈ ಹೋಗೇತಿ. ನನ್ನಿಂದ ಹೋಗೇತಿ."